ಕಾಡಿಗೆ ಹೊಂಟವರಿಗೆ ಕಾಶಿ ಮಾಲಿ

ಉತ್ತರಕ್ಕ ಹೊಂಟೇವಿ ಅಂತ ನಮ್ಮ ಕಡೆ ಯಾರ ಮುಂದೂ ಬಾಯಿ ಬಿಡಬಾರದು. ಗೋವಾಕ್ಕ ಹೊಂಟೇವಿ ಅನ್ರಿ, ಯಾರೂ ಕೇಳೂದಿಲ್ಲ. ಮುಂಬೈಗೆ ಅನ್ರಿ, ಹೋಗಿ ಬರ್ರಿ ಅಂತಾರ. ಉತ್ತರಕ್ಕ ಅಂದ್ರ ಮುಗೀತು. ಮಾತು ಇನ್ನೂ ನಿಮ್ಮ ಬಾಯಾಗ ಇರ್ತೈತಿ, ಅಷ್ಟರಾಗ ಯಾರೋ ಒಬ್ರು ಗಂಗಾಜಲಕ್ಕಂತ ತಂಬಗಿ ತಂದು ನಿಮ್ಮ ಮುಂದ ಇಟ್ಟಿರ್ತಾರ. ಇದು ನನಗ ಚಲೋ ಗೊತ್ತಿತ್ತು. ಅದಕ್ಕ ನಾ ಯಾರ ಮುಂದೂ ಹೇಳಿರಲಿಲ್ಲ. ಹೇಳಿದಾಂವ ನನ್ನ ಗಂಡ. ಇಷ್ಟು ವರ್ಷ ಆದ ಮ್ಯಾಲೂ ಆ ಬ್ಯಾಸಗಿ ನೆನಪಾದ್ರ ನನಗ ಮೈಯೆಲ್ಲಾ ಉರೀತೈತಿ.

ತೊಂಬತ್ತರ ದಶಕ ಮುಗಿಯಾಕ ಬಂದಿತ್ತು. ನಾ ಹೂವಿನ ಹಿಪ್ಪರಗಿಯ ಹೈಸ್ಕೂಲಿನ್ಯಾಗ ಭೂಗೋಳ ಕಲಸ್ತಿದ್ದೆ. ಗಂಡಗ ಬಾಗೇವಾಡಿಯೊಳಗ ಕಚೇರಿ ನೌಕರಿ, ಮುಂಜಾನಿ ಬಸ್ಸಿಗೆ ಹೋಗಿ ಸಂಜೀಕ ಬರಾಂವ. ಮಗಳಿಗೆ ಹನ್ನೊಂದು ವರ್ಷ, ಮಗಗ ಎಂಟು. ಗಂಡನ ಹಿರೇಮನಿ ಸಿಂದಗಿ ಕಡೆ ಮೋರಟಗಿಯೊಳಗ. ಅಲ್ಲಿ ನನ್ನ ಅತ್ತಿ, ಅಂದ್ರ ಮಕ್ಕಳ ಆಯಿ, ಆಮ್ಯಾಲ ಭಾವ, ನೆಗೆಣ್ಣಿ ಇರ್ತಿದ್ರು. ಹೇಳಾಕ ಬ್ಯಾರೆ ಬ್ಯಾರೆ ಮನಿ. ಆದ್ರ ನಮ್ಮ ಮನ್ಯಾಗ ಒಗ್ಗರಣಿ ಹಾಕಿದ್ರ ಮೋರಟಗಿಯೊಳಗ ಸೀನ್ತಿದ್ರು.

ನನ್ನ ಗಂಡ ಕೆಟ್ಟ ಮನುಷ್ಯ ಅಲ್ಲ. ಕುಡಿಯಾಂವಲ್ಲ, ಕೈ ಎತ್ತಾಂವಲ್ಲ. ಆತಂದು ಒಂದ ಒಂದು ರೋಗ. ಯಾರು ಏನು ಕೇಳಿದ್ರೂ "ಹೂಂ" ಅಂತಿದ್ದ. ಭಾವ ಬಂದು ಹೊಲಕ್ಕ ನೀರಾವರಿ ಪೈಪು ತರಾಕ ಇಂಡಿಗೆ ಹೋಗೂಣು ಅಂದ್ರ ಹೂಂ, ಅದ ದಿನ ನಾ ಮಗನ ದವಾಖಾನಿಗೆ ತೋರಸೂಣು ಅಂದ್ರೂ ಹೂಂ. ಎರಡೂ ಆಗೂದಿಲ್ಲಲ್ಲೋ ಮಹಾರಾಯ ಅಂದ್ರ ಅದಕ್ಕೂ ಹೂಂ. ಮಂದಿ "ಎಂಥಾ ಒಳ್ಳೇ ಗಂಡ ಸಿಕ್ಕಾನವಾ ನಿನಗ" ಅಂತಿದ್ರು.

ಮಗಳು ತಂದಿ ಮ್ಯಾಲ ಹೋಗಿದ್ಳು. ಪಂಚಮಿಗೆ ಅರಬಿ ತರಾಕ ಹೋದ್ರ "ತಮ್ಮಗ ಮೊದಲ ತಗೋರಿ" ಅಂತಿದ್ಳು. ಊಟಕ್ಕ ಕುಂತ್ರ ಹೋಳಿಗಿ ಸಾಕಾಗೂದಿಲ್ಲಂತ ಗೊತ್ತಾದ್ರ "ನನಗ ಹಸಿವಿಲ್ಲ" ಅಂತಿದ್ಳು. "ಎಷ್ಟು ಶಾಣ್ಯಾ ಹುಡುಗಿ ನೋಡ್ರಿ, ಒಂದ ದಿನ ಹಟಾ ಮಾಡಿದಾಕಿ ಅಲ್ಲ" ಅಂತ ಓಣಿಯೆಲ್ಲಾ ಹೊಗಳತಿತ್ತು. ಹನ್ನೊಂದು ವರ್ಷದ ಕೂಸಿಗೆ ಏನೂ ಬ್ಯಾಡ ಅಂದ್ರ ಅದೇನು ಸನ್ಯಾಸಿ ಏನು?

ಅಂಥಾ ಹುಡುಗಿ ಜೀವನದಾಗ ಒಂದ ಸಲ ನನ್ನ ಮುಂದ ಬಾಯಿ ಬಿಟ್ಟು ಬೇಡಿದ್ಳು. ಮದಿವಿಗಿಂತ ಮೊದಲ, ಚಡಚಣದ ತವರುಮನ್ಯಾಗ ಇದ್ದಾಗ, ಕಾಲೇಜಿನಿಂದ ನಮ್ಮನ್ನ ಹಿಮಾಚಲಕ್ಕ ಗುಡ್ಡ ಹತ್ತೂ ಕ್ಯಾಂಪಿಗೆ ಕಳಿಸಿದ್ರು. ದೇವದಾರು ಕಾಡಿನ್ಯಾಗ ಡೇರಿ ಹಾಕಿಕೊಂಡು ಇದ್ದದ್ದು, ಮರದ ದಿಮ್ಮಿ ಮ್ಯಾಲಿಂದ ಹೊಳಿ ದಾಟಿದ್ದು, ಕರಡಿ ಬಂದು ನಮ್ಮ ಬ್ಯಾಳಿ ಚೀಲ ಹರದದ್ದು, ಬರ್ಫಿನ ಮ್ಯಾಲ ಜಾರಿ ಬಿದ್ದದ್ದು, ಇದನ್ನೆಲ್ಲಾ ಮಕ್ಕಳಿಗೆ ಹೇಳ್ತಿದ್ದೆ. ಒಂದಿನ ಮಗಳು ರೊಟ್ಟಿ ಬಡಿಯೂ ನನ್ನ ಬಾಜೂಕ ಬಂದು ಕುಂತು, "ಅವ್ವಾ, ನನ್ನ ಅಲ್ಲಿಗೆ ಕರಕೊಂಡು ಹೋಗ್ತೀ? ನನಗ ಬರ್ಫಿನ ಮ್ಯಾಲ ನಿಂದರಬೇಕೈತಿ" ಅಂದ್ಳು. ನನ್ನ ಕೈಯಾಗಿನ ರೊಟ್ಟಿ ಹಂಗ ನಿಂತಿತು. ಒಯ್ತೇನಿ ಅಂದೆ. ಏನ ಆಗಲಿ ಒಯ್ತೇನಿ ಅಂತ ಆಕಿ ಕೈ ಮ್ಯಾಲ ಕೈ ಹಾಕಿ ಹೇಳಿದೆ.

ತಯಾರಿಗೆ ಎರಡು ವರ್ಷ ಹಿಡೀತು. ಆ ಕ್ಯಾಂಪಿನ್ಯಾಗ ನಮಗ ಡೇರಿ ಹಾಕೂದು ಕಲಿಸಿದಾಂವ ಈಗ ತಾನ ಡೇರಿ ಇಟ್ಟುಕೊಂಡು ಮಂದೀನ್ನ ಕಾಡಿಗೆ ಒಯ್ತಾನಂತ ಹಳೇ ಗೆಳತಿ ಕಡಿಂದ ತಿಳೀತು. ಎಸ್‌ಟಿಡಿ ಅಂಗಡ್ಯಾಗ ನಿಂತು ಆತನ ಕೂಡ ಮಾತಾಡಿದೆ. ಬ್ಯಾಸಗಿ ಸೂಟಿಗೆ ಬರ್ರಿ, ಮಕ್ಕಳು ನಡೀತಾರಂದ್ರ ಬರ್ಫಿನತನಕ ನಾ ಒಯ್ತೇನಿ ಅಂದ. ಚಳಿಗಾಲದಾಗ ವಿಜಾಪುರಕ್ಕ ಸ್ವೆಟರ್ ಮಾರಾಕ ಬರೂ ಟಿಬೇಟಿನ ಹೆಣಮಕ್ಕಳ ಕಡೆ ಮಕ್ಕಳಿಗೆ ದಪ್ಪನ್ನ ಸ್ವೆಟರ್ ತಗೊಂಡೆ. ಏಪ್ರಿಲ್ ತಿಂಗಳ ಆ ಬಿಸಲಾಗ ಎರಡೂ ಅವನ್ನ ಹಾಕ್ಕೊಂಡು ಕನ್ನಡಿ ಮುಂದ ನಿಂತು ಮೈತುಂಬ ಬೆವರಸಾಲಿ ಎಬ್ಬಿಸಿಕೊಂಡ್ವು. ನಮ್ಮ ಕಡೆ ಗುಡ್ಡ ಅಂದ್ರ ಕಣದಾಗಿನ ಹೊಟ್ಟಿನ ಬಣವಿ. ಹತ್ತೂದು ರೂಢಿ ಆಗಲಿ ಅಂತ ಬೆನ್ನಿಗೆ ಜೋಳದ ಚೀಲ ಕಟ್ಟಿ ಮಾಳಗಿ ಮೆಟ್ಟಲಾ ಹತ್ತಿಸಿ ಇಳಿಸಿದೆ. ಮಗ ಎರಡ ದಿನಕ್ಕ ಒಲ್ಲೆ ಅಂದ. ಮಗಳು ಮಾತ್ರ ಎರಡೂ ವರ್ಷ ಸಾಲಿ ಬಿಟ್ಟ ಕೂಡ್ಲೇ ತಾನ ಚೀಲ ಕಟಗೊಂಡು ಹತ್ತತಿದ್ಳು.

ಇಷ್ಟರ ಮ್ಯಾಲ ನನ್ನ ಗಂಡ ಮೋರಟಗಿಗೆ ಹೋದಾಗ, ಊಟದ ಹೊತ್ತಿನ್ಯಾಗ, "ನಾವು ಹಿಮಾಲಯಕ್ಕ ಹೊಂಟೇವಿ" ಅಂದುಬಿಟ್ಟ.

ಅತ್ತಿ ತಾಟು ಸರಿಸಿ ಕೈ ಮುಗದ್ರಂತ. "ಕೇದಾರಕ್ಕ ಏನಪಾ?"

"ಹೂಂ" ಅಂದನಂತ ಈ ಪುಣ್ಯಾತ್ಮ!

ಅಲ್ಲರೀ, ನಿಮ್ಮನ್ನ ಕೇಳ್ತೇನಿ. ಕೇದಾರ ಎತ್ತಾಗ, ನಮ್ಮ ಕಾಡು ಎತ್ತಾಗ? ಭೂಗೋಳದ ಮಾಸ್ತರಣಿ ಕೂಡ ಸಂಸಾರ ಮಾಡಿ ಇಷ್ಟೂ ಗೊತ್ತಾಗಬಾರದೇನು? ಗೊತ್ತಿತ್ತಂತ. "ಅವ್ವ ಹಂಗ ಕೈ ಮುಗದ ಮ್ಯಾಲ ಇಲ್ಲ ಅಂತ ಹೆಂಗ ಅನ್ನಲಿ" ಅಂತ ಮನಿಗೆ ಬಂದು ನನ್ನ ಮುಂದ ಅಂದ. ನನಗ ತಲಿ ಕೆಟ್ಟು ಮಸರ ಗಡಿಗಿ ಆತು.

ಅತ್ತೀದು ತಪ್ಪಂತ ನಾ ಆಗಲೂ ಅನ್ನಲಿಲ್ಲ, ಈಗಲೂ ಅನ್ನೂದಿಲ್ಲ. ಅವರು ಕಾಶಿ ಕೇದಾರ ನೋಡಬೇಕಂತ ಜೀವಮಾನ ಎಲ್ಲಾ ಬಯಸಿದವ್ರು. ಮಗ ಉತ್ತರಕ್ಕ ಹೊಂಟಾನಂದ್ರ ತನ್ನನ್ನ ಒಯ್ಯಾಕ ಹೊಂಟಾನಂತ ತಿಳದ್ರು. ನಮ್ಮಲ್ಲಿ ಹಿರ್ಯಾರು ನೋಡಲಾರದ ಗಂಗೀನ್ನ ಕಿರ್ಯಾರು ಮೊದಲ ನೋಡೂದು ಅಂದ್ರ ದೊಡ್ಡ ಮಾನಗೇಡಿ ಕೆಲಸ. ಅವರನ್ನ ಮುಂದಿನ ವರ್ಷ ಬ್ಯಾರೇನ ಕರಕೊಂಡು ಹೋಗೂಣು ಅಂದೆ. ಗಂಡ ಹೂಂ ಅಂದ. ಹೋಗಿ ಹೇಳು ಅಂದೆ. ಅದಕ್ಕೂ ಹೂಂ ಅಂದ, ಹೇಳಲಿಲ್ಲ.

ವಾರ ಅನ್ನೂದರಾಗ ಭಾವ ಕೂಡಿದ್ರು. ಭಾವ ಬಂದ ಮ್ಯಾಲ ನೆಗೆಣ್ಣಿ ಬಿಡ್ತಾಳೇನು? ಅತ್ತಿ ತಂಗಿ ಒಬ್ರು ಕೂಡಿದ್ರು. ಭಾವನ ಬೀಗರು ಗಂಡ ಹೆಂಡತಿ ಕೂಡಿದ್ರು. ಎಲ್ಲಾರೂ ಕೂಡಿ ಸೊಲ್ಲಾಪುರದಿಂದ ದಿಲ್ಲಿಗೆ ರೈಲು, ಅಲ್ಲಿಂದ ಹರಿದ್ವಾರ, ಕೇದಾರ ಅಂತ ಠರಾಯಿಸಿದ್ರು. ನಮ್ಮ ಕಾಡು, ಡೇರಿ, ಹೊಳಿ ಎಲ್ಲಾ ಗಂಗಾ ಪಾಲು. ನಾವು ನಾಲ್ಕು ಮಂದಿ ದಿಲ್ಲಿಯಿಂದ ಬ್ಯಾರೆ ಹೋಗ್ತೇವಿ ಅಂದೆ. "ಹೆತ್ತ ತಾಯೀನ್ನ ನಡು ದಾರ್‍ಯಾಗ ಬಿಟ್ಟು ಗಂಡನ್ನ ಕಾಡಿಗೆ ಒಯ್ತಾಳಂತ" ಅಂತ ನೆಗೆಣ್ಣಿ ಸಿಂದಗಿತನಕ ಸುದ್ದಿ ಹಬ್ಬಿಸಿದ್ಳು. ಮಕ್ಕಳನ್ನ ಕರಕೊಂಡು ನಾ ಒಬ್ಬಾಕಿ ಹೋಗ್ತೇನಿ ಅಂದೆ. ಹೆಣಮಗಳು ಒಬ್ಬಾಕಿ ಕಾಡಿನ್ಯಾಗ ಅಂತ ಎಲ್ಲಾರೂ ಮೂಗಿನ ಮ್ಯಾಲ ಬೆರಳಿಟ್ರು. ಗಂಡ ನೆಲಾ ನೋಡಕೋತ ಕುಂತಿದ್ದ.

ಕಡೀಕ ನಾ ಸೋತು ಒಂದ ಮಾತು ಹಿಡದೆ. "ಆತು, ಕೇದಾರ ಅಂದ್ರ ಕೇದಾರ. ಅಲ್ಲೂ ಬರ್ಫ ಐತಿ. ನನ್ನ ಮಗಳು ಬರ್ಫಿನ ಮ್ಯಾಲ ನಿಂದರಬೇಕು. ಇದೊಂದು ತಪ್ಪಿತಂದ್ರ ನಾ ಮನುಷ್ಯಾಳಾಗಿ ಇರೂದಿಲ್ಲ ನೋಡು" ಅಂದೆ. ಗಂಡ ಹೂಂ ಅಂದ. ಮಗಳಿಗೆ ಕಾಡಿಲ್ಲ, ಡೇರಿ ಇಲ್ಲ ಅಂತ ಹೇಳಿದಾಗ "ಬರ್ಫ ಐತೆಲ್ಲಾ ಸಾಕು ಬಿಡವ್ವಾ" ಅಂದ್ಳು. ಆ ಸಾಕು ಅನ್ನೂದನ್ನ ಕೇಳಿ ನನಗ ಯಾರಿಗರ ಹೊಡೀಬೇಕನಿಸ್ತು.

ಹೊಂಡೂ ದಿನದ ಹಿಂದಿನ ವಾರ ಮಕ್ಕಳನ್ನ ಮೋರಟಗಿಗೆ ಕಳಿಸಿದ್ವಿ. ನನಗ ಸಾಲ್ಯಾಗ ಪರೀಕ್ಷಾ ಪೇಪರು ತಿದ್ದೂ ಕೆಲಸಿತ್ತು, ಹೊಂಡೂ ದಿನ ಮುಂಜಾನಿ ನಾನೂ ಗಂಡನೂ ಅಲ್ಲಿಗೆ ಹೋಗಿ ಕೂಡಿಕೊಂಡ್ವಿ. ಹೋಗಿ ನೋಡ್ತೇನಿ, ಮನಿ ಮುಂದ ಬಾಜಾ ಬಜಂತ್ರಿ! ಸೊಲ್ಲಾಪುರಕ್ಕ ಒಯ್ಯೂ ಟೆಂಪೋದ ಮಾರಿಗೆ ಬಾಳಿಕಂಬ. ಊರ ಮಂದಿಯೆಲ್ಲಾ ಅಂಗಳದಾಗ. ಕಾಶಿ ಕೇದಾರಕ್ಕ ಹೋಗೂವ್ರನ್ನ ನಮ್ಮಲ್ಲಿ ಹಂಗ ಕಳಿಸೂದಿಲ್ಲ. ಹೊಸ್ತಿಲಾ ದಾಟಿಸಿ ಹೊರಗ ನಿಂದರಿಸಿ, ಕುಂಕುಮ ಹಚ್ಚಿ, ಉಡಿ ತುಂಬಿ, ಕೊಳ್ಳಿಗೆ ಮಾಲಿ ಹಾಕ್ತಾರ. ಆಮ್ಯಾಲ ಊರಾಗ ಉಳಿಯೂವ್ರು ಹೋಗೂವ್ರ ಕಾಲಿಗೆ ಬೀಳ್ತಾರ, ಸಣ್ಣವರಿರಲಿ ದೊಡ್ಡವರಿರಲಿ. ಮಾಲಿ ಬಿದ್ದ ಮ್ಯಾಲ ಯಾತ್ರಿಕರು ಹೊಳ್ಳಿ ಹೊಸ್ತಿಲಾ ದಾಟಿ ಒಳಗ ಹೋಗಬಾರದು. ಹೋದ್ರ ಯಾತ್ರಾ ಕೆಟ್ಟಂಗ.

ನಾ ಬಂದು ಕೈಕಾಲು ತೊಳಕೊಳ್ಳೂದರಾಗ ಎಳದು ಸಾಲಿನ್ಯಾಗ ನಿಂದರಿಸಿದ್ರು. ಮಕ್ಕಳು ಎಲ್ಲಿ ಅಂದೆ. ಒಳಗ ತಯಾರಾಗಾಕತ್ತಾವು ಅಂದ್ಳು ನೆಗೆಣ್ಣಿ. ಮಾಲಿ ಹಾಕಿದ್ರು. ಮಂದಿ ಒಬ್ಬೊಬ್ರ ಬಂದು ಕಾಲಿಗೆ ಬೀಳಾಕ ಹತ್ತಿದ್ರು. ನನ್ನ ತಂದಿ ತಾಯಿ ವಯಸ್ಸಿನವ್ರು ನನ್ನ ಕಾಲಿಗೆ ಬಿದ್ರ ನನಗ ಮುಜುಗರ. ಹಂಗ ಕೈ ಹಿಡದು ಎಬ್ಬಿಸಿಕೋತ ಎಬ್ಬಿಸಿಕೋತ, ಒಂದು ಕೈ ಸಣ್ಣದು ಅನಿಸ್ತು. ನೋಡಿದೆ. ನನ್ನ ಮಗಳು.

ಹಳೇ ಪರಕರ ಉಟ್ಟಿದ್ಳು, ಬರಿಗಾಲಿಲೆ ಇದ್ಳು. ಬಾಜೂಕ ತಮ್ಮನ್ನ ಹಿಡದುಕೊಂಡು ಅವನ ಗೋಣು ಬಗ್ಗಿಸಿ ಅವನನ್ನೂ ನನ್ನ ಕಾಲಿಗೆ ಬೀಳಿಸಾಕತ್ತಿದ್ಳು.

"ನೀ ಯಾಕ ಕಾಲಿಗೆ ಬೀಳ್ತಿ?" ಅಂದೆ.

"ಉಳಿಯೂವ್ರು ಬೀಳಬೇಕಂತವ್ವಾ, ಆಯಿ ಹೇಳ್ಯಾಳ" ಅಂದ್ಳು. "ಹುಷಾರ್‍ಲೆ ಹೋಗಿ ಬಾ."

ಬಜಂತ್ರಿ ಒಂದ ಸವನ ಬಾರಿಸಾಕತ್ತಿದ್ರು, ಅದು ನನಗ ಕೇಳದಂಗಾತು. ಗಂಡನ ಕಡೆ ನೋಡಿದೆ. ಕೊಳ್ಳಾಗ ಮಾಲಿ ಹಾಕ್ಕೊಂಡು ಟೆಂಪೋದ ಗಾಲಿ ನೋಡಾಕತ್ತಿದ್ದ.

"ಸಣ್ಣ ಹುಡುಗೂರಿಗೆ ಅಲ್ಲಿ ಉಸರು ಸಿಗೂದಿಲ್ಲಂತ ನಮ್ಮ ಬೀಗರು ಹೇಳಿದ್ರವಾ" ಅಂದ್ರು ಅತ್ತಿ. "ನನ್ನ ತಂಗಿ ಮಗಳು ಇಲ್ಲೇ ಇದ್ದು ನೋಡ್ಕೋತಾಳ. ನಿನ್ನ ಗಂಡನ್ನ ಕೇಳೇ ಮಾಡೇವಿ. ಆತ ಹೂಂ ಅಂದಾನ."

ಹೂಂ ಅಂದಾನ! ಮಕ್ಕಳಿಗಂತ ಹುಟ್ಟಿದ ಪ್ರವಾಸ. ಮಕ್ಕಳನ್ನ ಬಿಟ್ಟು ಊರಿನ ಮುದುಕ ಮುದುಕಿಯರೆಲ್ಲಾ ಹೊಂಟಾರ, ಮಕ್ಕಳು ನಮ್ಮ ಕಾಲಿಗೆ ಬಿದ್ದು ಟಾಟಾ ಮಾಡಬೇಕು. ಇಂಥಾ ಬುದ್ಧಿಗೇಡಿ ಕೆಲಸ ನಮ್ಮ ಮಂದಿ ಬಿಟ್ರ ಜಗತ್ತಿನ್ಯಾಗ ಯಾರರ ಮಾಡ್ತಾರೇನ್ರಿ? ಸಿಟ್ಟು ನೆತ್ತಿಗೇರ್ತು. ಮಕ್ಕಳನ್ನ ಎರಡೂ ಕೈಲೆ ಹಿಡದು ಸೀದಾ ಮನಿ ಕಡೆ ನಡದೆ.

"ಏ, ಮಾಲಿ ಐತಿ! ಮಾಲಿ ಐತಿ ಕೊಳ್ಳಾಗ! ಒಳಗ ಹೋಗಬ್ಯಾಡ!" ಅಂತ ಅತ್ತಿ ಚೀರಿದ್ರು. ನೆಗೆಣ್ಣಿ ಬಂದು ಸೆರಗು ಹಿಡದ್ಳು. ಜಾಡಿಸಿದೆ. ಮಾಲಿ ಹಾಕ್ಕೊಂಡ ಹೊಸ್ತಿಲಾ ದಾಟಿದೆ, ಬೇಕಂತ ಬಲಗಾಲು ಬಿಟ್ಟು ಎಡಗಾಲು ಇಟ್ಟ ದಾಟಿದೆ. ಹೊರಗ ಮಂದಿಯೆಲ್ಲಾ ಹಾ ಅಂದ್ರು. ಬಜಂತ್ರಿ ನಿಂತಿತು.

ಮಕ್ಕಳ ಚೀಲ ಕ್ವಾಣ್ಯಾಗಿತ್ತು. ತಗದು ನೋಡಿದೆ. ಸ್ವೆಟರ್ ಇರಲಿಲ್ಲ.

"ನಾನ ತಗದಿಟ್ಟೇನಿ" ಅಂದ್ಳು ಮಗಳು. "ಟ್ರಂಕಿನ್ಯಾಗ, ಡಾಂಬರ ಗುಳಿಗಿ ಹಾಕಿ."

"ಯಾವಾಗ?"

"ಬಂದ ದಿನಾನ ದೊಡ್ಡವ್ವ ಹೇಳಿದ್ಳು, ನಾವು ಬರೂದಿಲ್ಲಂತ. ನಿನಗ ಹೇಳಬ್ಯಾಡಂದ್ಳು, ಜಗಳಾ ಆಗ್ತೈತಂತ. ಅಪ್ಪನೂ ಫೋನಿನ್ಯಾಗ ಹಂಗ ಅಂದ."

ಒಂದು ವಾರ. ಇಡೀ ವಾರ ಈ ಕೂಸು ಇದನ್ನ ಹೊಟ್ಟ್ಯಾಗ ಇಟಗೊಂಡು, ತಾನ ತನ್ನ ಸ್ವೆಟರ್ ಮಡಚಿ, ತಮ್ಮಗ ಸಮಾಧಾನ ಮಾಡಿ, ಮುಂಜಾನಿ ಎದ್ದು ಕಾಲಿಗೆ ಬೀಳಾಕ ಸಾಲಿನ್ಯಾಗ ನಿಂತೈತಿ. ನಾ ಟ್ರಂಕು ತಗದು ಸ್ವೆಟರ್ ಹೊರಗ ಎಳದೆ. ಆಕಿ ನನ್ನ ಕೈ ಹಿಡದ್ಳು.

"ಅವ್ವಾ, ತಮ್ಮನ್ನ ಕರಕೊಂಡು ಹೋಗು. ಒಬ್ಬಾಂವ ಅಂದ್ರ ಯಾರೂ ಏನೂ ಅನ್ನೂದಿಲ್ಲ. ನಾ ಇರ್ತೇನಿ. ನಾ ದೊಡ್ಡಾಕಿ ಅಲ್ಲಾ."

ನನ್ನ ಜೀವನದಾಗ ನನಗ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ, ಎಂದೂ ಅಷ್ಟು ಹೆದರಿರಲೂ ಇಲ್ಲ. ಇಪ್ಪತ್ತು ವರ್ಷದ ಮ್ಯಾಲ ಈಕಿ ಯಾವುದೋ ಮನ್ಯಾಗ ಹಿಂಗ ನಿಂತು, ಯಾರ್‍ಯಾರದೋ ಕಾಲಿಗೆ ಬಿದ್ದು, ನಾ ಇರ್ತೇನಿ ಬಿಡ್ರಿ ಅಂತಾಳ ಅನಿಸ್ತು. ರಟ್ಟಿ ಹಿಡದು ಹೊಸ್ತಿಲಕ್ಕ ಎಳಕೊಂಡು ಬಂದೆ. ಅಂಗಳದ ತುಂಬ ಮಂದಿ ನಿಂತಿತ್ತು.

"ನಿನಗ ಹೋಗಬೇಕೋ ಬ್ಯಾಡೋ? ಹೇಳು. ತಮ್ಮಂದು ಬಿಡು, ಆಯೀದು ಬಿಡು. ನಿಂದು ಹೇಳು."

ಆಕಿ ನೆಲಾ ನೋಡಿದ್ಳು, ಅಪ್ಪನ ಹಂಗ.

"ಬ್ಯಾಡ ಅಂದ್ರ ಬ್ಯಾಡ ಅನ್ನು, ನಾನೂ ಇಲ್ಲೇ ಇರ್ತೇನಿ. ಬೇಕು ಅಂದ್ರ ಬೇಕು ಅನ್ನು. ಬಾಯಿ ಬಿಟ್ಟು ಅನ್ನು!"

"ಬೇಕು" ಅಂದ್ಳು. ನನಗ ಒಬ್ಬಾಕಿಗೆ ಕೇಳಿಸೂ ಹಂಗ.

"ಯಾರಿಗೂ ಕೇಳಿಸಲಿಲ್ಲ."

"ಬೇಕು."

"ನಿಮ್ಮಪ್ಪಗ ಕೇಳಿಸಲಿಲ್ಲ!"

"ನನಗ ಹೋಗಬೇಕೈತಿ!" ಅಂತ ಚೀರಿದ್ಳು ನೋಡ್ರಿ, ಟೆಂಪೋದ ಮ್ಯಾಲ ಸಾಮಾನು ಕಟ್ಟಾಂವ ಹೊಳ್ಳಿ ನೋಡಿದ. "ನನಗ ಬರ್ಫ ನೋಡಬೇಕೈತಿ! ಎರಡು ವರ್ಷದಿಂದ ಚೀಲಾ ಹೊತ್ತು ಮೆಟ್ಟಲಾ ಹತ್ತೇನಿ! ನನ್ನ ಯಾಕ ಬಿಟ್ಟು ಹೊಂಟೀರಿ? ನಾ ಏನ ಮಾಡೇನಿ?" ಅಂದಾಕಿ ಅಳಾಕ ಹತ್ತಿದ್ಳು, ನಿಂದರಲೇ ಇಲ್ಲ. ಹನ್ನೊಂದು ವರ್ಷ ಅಳಲಾರದ್ದನ್ನೆಲ್ಲಾ ಅತ್ತಂಗಿತ್ತು.

ನೆಗೆಣ್ಣಿ ಒಬ್ಬಾಕಿ "ಈಗ ಟಿಕೀಟು ಎಲ್ಲಿಂದ ತರ್ತೀ? ಮಕ್ಕಳ ಟಿಕೀಟು ರದ್ದು ಮಾಡಿಸಿ ಆಗೇತಿ" ಅಂದ್ಳು.

ಗಂಡ ಮೆಲ್ಲಕ ಅಂಗಿ ಕಿಸೇದಾಗ ಕೈ ಹಾಕಿದ. ಎರಡು ಅರ್ಧ ಟಿಕೀಟು ತಗದು ತೋರಿಸಿದ. "ಮಾಡಿಸಿಲ್ಲ" ಅಂದ. "ಅವ್ವಗ ಹೂಂ ಅಂದಿದ್ದೆ. ಆದ್ರ ಹೋಗಿ ಮಾಡಿಸಾಕ ಮನಸ್ಸಾಗಲಿಲ್ಲ."

ಮಂದಿ ಇದನ್ನ ಆತನ ದೊಡ್ಡ ಗುಣ ಅಂತ ಆಮ್ಯಾಲ ಎಷ್ಟೋ ಸಲ ನನ್ನ ಮುಂದ ಹೇಳ್ಯಾರ. ನನಗ ಹಂಗ ಅನಿಸಿಲ್ಲ. ನಾ ಹೊಸ್ತಿಲಾ ದಾಟದ ಇದ್ದಿದ್ರ ಈ ಮನುಷ್ಯ ಮಕ್ಕಳ ಟಿಕೀಟು ಕಿಸೇದಾಗ ಇಟಗೊಂಡು, ಅವರ ಎರಡು ಜಾಗಾ ಖಾಲಿ ಬಿಟಗೊಂಡು, ದಿಲ್ಲಿತನಕ ಸುಮ್ಮ ಕುಂತು ಹೋಗ್ತಿದ್ದ. ಅಲ್ಲೆ ಮಂದಿ ಮುಂದ ಹಂಗ ಅಂದೆ. ಆತ ತಲಿ ತಗ್ಗಿಸಿದ. ಹೂಂ ಅನ್ನಲಿಲ್ಲ, ಅದೊಂದು ಪುಣ್ಯ.

ಯಾತ್ರಾ ಕೆಟ್ಟಿತು ಅಂತ ಅತ್ತಿ ಗಳಗಳ ಅತ್ರು. ಕೆಡಿಸಿದಾಕಿ ನಾ, ಕೆಟ್ಟದ್ದೆಲ್ಲಾ ನನಗ ತಟ್ಟಲಿ, ನಿಮಗ ಕೇದಾರ ಆಗಲಿ ಅಂತ ಅವರ ಕಾಲಿಗೆ ಬಿದ್ದೆ. ಅದು ಖರೇನ ಮನಸಿನಿಂದ ಬಿದ್ದದ್ದು. ರೈಲಿನ್ಯಾಗ ನನ್ನ ಕೂಡ ಯಾರೂ ಮಾತಾಡಲಿಲ್ಲ, ಶೇಂಗಾ ಚಟ್ನಿ ಡಬ್ಬಿ ಸುದ್ದಾ ನನ್ನ ದಾಟಿಸಿ ಆ ಕಡೆ ಕೊಡ್ತಿದ್ರು. ದಿಲ್ಲಿಯಾಗ ಇಳದ ಮ್ಯಾಲ ಅವರು ಹರಿದ್ವಾರದ ಬಸ್ಸು ಹಿಡದ್ರು. ಗಂಡ ಅವರ ಕೂಡ ಹೋದ. ಹೋಗಲಿ, ತನ್ನನ್ನ ಒಯ್ತಾನಂತ ನಂಬಿದ ತಾಯಿಗೂ ಈ ಮಗ ಬೇಕು. ಹೆಂಗೂ ಯಾತ್ರಾ ಕೆಡಿಸಿದಾಕಿ ಅನಿಸಿಕೊಂಡಿದ್ದೆ, ಇನ್ನ ಕೇದಾರ ಯಾಕ ಅಂತ ನಾ ಮಕ್ಕಳನ್ನ ಕರಕೊಂಡು ಹಿಮಾಚಲದ ಬಸ್ಸು ಹತ್ತಿದೆ. ಮೂಗಿನ ಮ್ಯಾಲ ಬೆರಳಿಡಾಕ ಅಲ್ಲಿ ಯಾರೂ ಇರಲಿಲ್ಲ.

ಡೇರಿಯಾಂವಗ ದಿಲ್ಲಿಯಿಂದಲೇ ಫೋನ್ ಮಾಡಿದ್ದೆ, ಮಾತು ಉಳಿಸಿಕೊಂಡ. ಕಾಡಿನ್ಯಾಗ ದಾರಿ ಅಂತ ಒಂದಿಲ್ಲ, ಕಲ್ಲು, ಬೇರು, ಮ್ಯಾಲಿಂದ ಧಬಧಬ ಬೀಳೂ ನೀರು. ಚಾದ ಅಂಗಡಿ ಇಲ್ಲ, ಮನಿ ಇಲ್ಲ, ಮನುಷ್ಯಾರಿಲ್ಲ. ಎರಡನೇ ದಿನ ಮುಂಜಾನಿಂದ ಹತ್ತಿದ್ವಿ. ಮಧ್ಯಾಹ್ನದ ಹೊತ್ತಿಗೆ ಡೇರಿಯಾಂವ ಕೈ ಮಾಡಿ ತೋರಿಸಿದ. ಅಗೋ, ಆ ತಿರುವು ದಾಟಿದ್ರ ಬರ್ಫ. ಮಗ ಕುಣ್ಯಾಕ ಹತ್ತಿದ.

ಮಗಳು ಒಂದು ಕಲ್ಲಿನ ಮ್ಯಾಲ ಕುಂತಳು. "ಅವ್ವಾ, ನನಗ ಸಾಕಾತು. ನಾ ಇವತ್ತು ಮುಂದ ಬರೂದಿಲ್ಲ."

"ಏನಂದಿ?"

"ಕಾಲು ಭಾಳ ನೋಯಾಕತ್ತಾವು. ನಾಳೆ ಬರ್ತೇನಿ. ಇವತ್ತು ಒಲ್ಲೆ."

ನನಗ ಎಲ್ಲಿತ್ತೋ ಸಿಟ್ಟು, ಬಂದು ಕುಂತಿತು. ಊರು ಎದುರ ಹಾಕ್ಕೊಂಡು, ಅತ್ತೀನ್ನ ಅಳಿಸಿ, ದೇಶ ದಾಟಿ ಇಲ್ಲಿತನಕ ಎಳಕೊಂಡು ಬಂದೇನಿ, ಇನ್ನೊಂದು ತಿರುವಿಗೆ ಈಕಿ ಒಲ್ಲೆ ಅಂತಾಳ. ಬೈದೆ. ರಮಿಸಿದೆ. ಕಡೀಕ ಯಾವ ಮಾತಿಗೆ ಆಕಿ ಎಂದೂ ಇಲ್ಲ ಅಂದಿರಲಿಲ್ಲೋ ಅದನ್ನ ಅಂದೆ. "ನಿನ್ನ ತಮ್ಮ ಅಳಾಕತ್ತಾನ ನೋಡು."

ಆಕಿ ತಮ್ಮನ ಕಡೆ ನೋಡಿದ್ಳು. ಅವ ಖರೇನ ಅಳಾಕತ್ತಿದ್ದ.

"ಅಳಲಿ" ಅಂದ್ಳು.

ಡೇರಿಯಾಂವ ನನ್ನ ಮುಖಾ ನೋಡಿದ, ಏನು ಮಾಡೂದು ಅಂತ. ನನ್ನ ಮಗಳು ಒಲ್ಲೆ ಅಂದಾಳ, ಕೆಳಗ ನಡೀರಿ ಅಂದೆ.